ಪಾಲಿಯೇಟಿವ್‌ನವರು ನಮ್ಮ ಮನೆಗೆ ಬಂದ ದಾರಿ

ಕಾಸರಗೋಡಿನ ಹಳ್ಳಿಗಳಲ್ಲಿ 'ಪಾಲಿಯೇಟಿವ್‌ನವರು ಬಂದಿದ್ದಾರೆ' ಎಂದರೆ ಬಿಡಿಸಿ ಹೇಳಬೇಕಿಲ್ಲ. ಪಂಚಾಯತಿನ ನರ್ಸ್ ಜೀಪಿನಿಂದಿಳಿದು ಹಾಸಿಗೆ ಹಿಡಿದವರ ಹುಣ್ಣು ತೊಳೆದು ಕಟ್ಟುತ್ತಾರೆ, ಮೂತ್ರದ ಟ್ಯೂಬ್ ಬದಲಿಸುತ್ತಾರೆ.

ಇದರ ಬೇರು ಇರುವುದು ಕಲ್ಲಿಕೋಟೆ ಮೆಡಿಕಲ್ ಕಾಲೇಜಿನಲ್ಲಿ. 1993ರಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಸಂಗಡಿಗರು ಕ್ಯಾನ್ಸರ್ ರೋಗಿಗಳ ನೋವು ತಗ್ಗಿಸಲೆಂದು ಅಲ್ಲೊಂದು ಸೊಸೈಟಿ ಕಟ್ಟಿದರು. ಆದರೆ ತೀರಾ ನರಳುವವರು ಆಸ್ಪತ್ರೆಯ ತನಕ ಬರಲಾರರು. ಬಂದರೂ ಮಾತ್ರೆ ಕೊಟ್ಟರೆ ಮುಗಿಯಿತೇ? ದುಡಿಯುವವನೇ ಮಲಗಿದ ಮನೆಗೆ ಅಕ್ಕಿ ಬೇಕು, ಮಕ್ಕಳ ಶಾಲೆ ನಿಲ್ಲಬಾರದು. ಅದನ್ನೆಲ್ಲ ವೈದ್ಯರಿಗಿಂತ ನೆರೆಮನೆಯವರೇ ಬಲ್ಲರು. ಹಾಗಾಗಿ 2000ದ ಆಸುಪಾಸಿನಲ್ಲಿ ಮಲಪ್ಪುರಂ ಕಡೆ ಊರವರಿಗೇ ತರಬೇತಿ ಕೊಟ್ಟರು. ಜನರು ಚಿಲ್ಲರೆ ಹಣ ಕೂಡಿಸಿ ಘಟಕಗಳನ್ನು ನಡೆಸಿದರು. 2008ರಲ್ಲಿ ಕೇರಳ ಸರಕಾರ ಇದಕ್ಕೊಂದು ನೀತಿ ತಂದಿತು, ಪಂಚಾಯತಿಗಳು ಹೊಣೆ ಹೊತ್ತವು.

ನೋಡಿಕೊಳ್ಳುವವರ ಲೆಕ್ಕ ಬಂದದ್ದು ಮಾತ್ರ ಆಮೇಲೆ. ಆಶ್ವಾಸಕಿರಣಂ ಯೋಜನೆಯಲ್ಲಿ ಅವರಿಗೆ ತಿಂಗಳಿಗೆ 600 ರೂಪಾಯಿ. ಡೈಪರಿಗೂ ಸಾಲದು ಬಿಡಿ. ಎಂಡೋಸಲ್ಫಾನ್ ಬಾಧಿತ ಎಣ್ಮಕಜೆಯಂಥ ಊರುಗಳಲ್ಲಿ ಬೆಳೆದ ಮಗನನ್ನು ಇಂದಿಗೂ ಎತ್ತಿ ಸ್ನಾನ ಮಾಡಿಸುವ ಅಮ್ಮಂದಿರಿದ್ದಾರೆ. ಅವರು ಪೇಟೆಗೆ ಹೋಗಿ ಬರುವ ತನಕ ಎರಡು ಗಂಟೆ ಅವನ ಬಳಿ ಕೂರಲು ಯಾರಾದರೂ ಬೇಕು. ಅದಕ್ಕೆ ನರ್ಸೇ ಆಗಬೇಕೆಂದಿಲ್ಲ.