ಏಳು ನಿಮಿಷದ ಹಾಡು, ಮೂರು ನಿಮಿಷದ ತಟ್ಟೆ

1967ರ ಜುಲೈ ತಿಂಗಳಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿ ಮೂರು ವಾರ ಅಲ್ಲೇ ಕುಳಿತಿದ್ದ ಹಾಡು 'ಲೈಟ್ ಮೈ ಫೈರ್'. ಹಾಡಿದವರು ಲಾಸ್ ಏಂಜಲೀಸ್‌ನ 'ದಿ ಡೋರ್ಸ್' ಎಂಬ ನಾಲ್ವರು ಹುಡುಗರ ತಂಡ. ಆ ವರ್ಷದ ಜನವರಿಯಲ್ಲಿ ಹೊರಬಂದ ಅವರ ಮೊದಲ ಆಲ್ಬಮ್‌ನಲ್ಲಿ ಈ ಹಾಡು ಸುಮಾರು ಏಳು ನಿಮಿಷ ಇದೆ. ಆದರೆ ರೇಡಿಯೊದಲ್ಲಿ ಕೇಳಿ ಜನ ಹುಚ್ಚೆದ್ದದ್ದು ಮೂರು ನಿಮಿಷಕ್ಕೂ ಕಡಿಮೆಯ ಇನ್ನೊಂದು ಹಾಡಿಗೆ. 'ಇನ್ನೊಂದು' ಎಂದು ಬೇಕೆಂದೇ ಬರೆಯುತ್ತಿದ್ದೇನೆ. ಅದೇ ದನಿ, ಅದೇ ಮಾತು, ಅದೇ ದಿನದ ಧ್ವನಿಮುದ್ರಣ. ಆದರೂ ಅದು ಬೇರೆಯೇ ಹಾಡು.

ಏಳು ಮೂರಾದದ್ದು ಬ್ಲೇಡಿನಿಂದ. ಸ್ಟುಡಿಯೊಗಳಲ್ಲಿ ಟೇಪು ಸಾಮಾನ್ಯವಾಗಿ ಸೆಕೆಂಡಿಗೆ 15 ಇಂಚಿನಂತೆ ಓಡುತ್ತಿತ್ತು. ನಾಲ್ಕು ನಿಮಿಷ ತೆಗೆಯಬೇಕೆಂದರೆ ಮುನ್ನೂರು ಅಡಿ ಟೇಪನ್ನು ಕತ್ತರಿಸಿ ನೆಲಕ್ಕೆ ಬಿಡಬೇಕು. ಸಂಪಾದಕ ಟೇಪಿನ ಸುರುಳಿಯನ್ನು ಕೈಯಲ್ಲೇ ಹಿಂದೆ ಮುಂದೆ ಆಡಿಸಿ, ಡ್ರಮ್ಮಿನ ಏಟು ಬೀಳುವ ಜಾಗ ಹುಡುಕಿ, ಪೆನ್ಸಿಲಿನಿಂದ ಗುರುತು ಮಾಡಿ, ಓರೆಯಾಗಿ ಕೊಯ್ದು, ಎರಡು ತುದಿಗಳನ್ನು ಅಂಟುಪಟ್ಟಿಯಿಂದ ಜೋಡಿಸುತ್ತಿದ್ದ. ಓರೆಯಾಗಿ ಕೊಯ್ದರೆ ಒಂದು ಸದ್ದು ಇನ್ನೊಂದರೊಳಗೆ ಮೆತ್ತಗೆ ಸರಿಯುತ್ತದೆ. ನೇರ ಕೊಯ್ದರೆ 'ಟಿಕ್' ಎನ್ನುತ್ತದೆ. ಡೋರ್ಸ್ ತಂಡದ ನಿರ್ಮಾಪಕ ಪಾಲ್ ರಾತ್‌ಚೈಲ್ಡ್ ಹೀಗೆ ತೆಗೆದದ್ದು ಹಾಡಿನ ನಡುವಿನ ವಾದ್ಯಭಾಗವನ್ನು, ಎಂದರೆ ರೇ ಮಂಜಾರೆಕ್‌ನ ಆರ್ಗನ್ ಮತ್ತು ರಾಬಿ ಕ್ರೀಗರ್‌ನ ಗಿಟಾರ್ ಒಂದರ ಹಿಂದೊಂದು ವಿಸ್ತರಿಸಿಕೊಂಡು ಹೋಗುವ ಭಾಗದ ಬಹುಪಾಲನ್ನು. ಹಾಡನ್ನು ಮುಖ್ಯವಾಗಿ ಬರೆದವನೇ ಕ್ರೀಗರ್. ಅವನ ಬೆರಳಿನ ಕೆಲಸವೇ ಮೊದಲು ಹೋಯಿತು.

ಮೂರು ನಿಮಿಷದ ಈ ಕಟ್ಟಳೆ ಯಾರೋ ಸಂಗೀತ ಪಂಡಿತರು ಮಾಡಿದ್ದಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಿಂಚಿನ ಹಳೆಯ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದೇ ಅಷ್ಟು. 1948ರಲ್ಲಿ ಕೊಲಂಬಿಯಾ ಕಂಪನಿ ದೀರ್ಘಾವಧಿಯ ಎಲ್‌ಪಿಯನ್ನು ತಂದಿತು. ಮರುವರ್ಷ ಆರ್‌ಸಿಎ ವಿಕ್ಟರ್ ಏಳಿಂಚಿನ 45ರ ತಟ್ಟೆಯನ್ನು ತಂದಿತು. ಈ ಪುಟ್ಟ ತಟ್ಟೆಯ ಮೇಲೆ ಇನ್ನಷ್ಟು ಉದ್ದ ಕೆತ್ತಬಹುದಿತ್ತು. ಆದರೆ ಗೆರೆಗಳನ್ನು ಒತ್ತೊತ್ತಾಗಿ ಕೆತ್ತಿದರೆ ದನಿ ಕುಗ್ಗುತ್ತದೆ, ಜೂಕ್‌ಬಾಕ್ಸಿನಲ್ಲಿ ಪಕ್ಕದ ಹಾಡಿನ ಮುಂದೆ ಸಪ್ಪೆಯಾಗುತ್ತದೆ. ಜೂಕ್‌ಬಾಕ್ಸಿನವನಿಗೆ ಹಾಡು ಬೇಗ ಮುಗಿದಷ್ಟೂ ಇನ್ನೊಂದು ನಾಣ್ಯ. ರೇಡಿಯೊದವನಿಗೆ ಇನ್ನೊಂದು ಜಾಹೀರಾತು. ತಟ್ಟೆಯ ಮಿತಿ ಹೋದಮೇಲೂ ಮಾರುಕಟ್ಟೆಯ ಮಿತಿ ಉಳಿಯಿತು.

ಇದನ್ನು ದಾಟಲು ಮಂದಿ ಮಾಡಿದ ಉಪಾಯಗಳು ಒಂದೆರಡಲ್ಲ. 1964ರಲ್ಲಿ ರೈಚಸ್ ಬ್ರದರ್ಸ್ ಹಾಡಿದ 3 ನಿಮಿಷ 45 ಸೆಕೆಂಡಿನ ಹಾಡಿನ ಲೇಬಲ್ಲಿನ ಮೇಲೆ ನಿರ್ಮಾಪಕ ಫಿಲ್ ಸ್ಪೆಕ್ಟರ್ 3:05 ಎಂದು ಅಚ್ಚು ಹಾಕಿಸಿದ. ರೇಡಿಯೊದವರು ಲೇಬಲ್ ನೋಡಿ ನಂಬಿದರು. ಅದೇ ವರ್ಷ ಇಂಗ್ಲೆಂಡಿನ 'ಆ್ಯನಿಮಲ್ಸ್' ತಂಡದ 'ದಿ ಹೌಸ್ ಆಫ್ ದಿ ರೈಸಿಂಗ್ ಸನ್' ಅಲ್ಲಿ ನಾಲ್ಕೂವರೆ ನಿಮಿಷ ಪೂರ್ತಿಯಾಗಿ ಬಂತು. ಅಮೆರಿಕದಲ್ಲಿ ಸುಮಾರು ಮೂರು ನಿಮಿಷಕ್ಕೆ ಇಳಿಯಿತು. ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. ಹೀಗಾಗಿ ಒಂದೇ ಹಾಡಿನ ಬಗ್ಗೆ ಎರಡು ದೇಶದ ಜನಕ್ಕೆ ಎರಡು ನೆನಪು. 1971ರ 'ಅಮೆರಿಕನ್ ಪೈ' ಎಂಟೂವರೆ ನಿಮಿಷದ್ದು. ಅದನ್ನು ಕತ್ತರಿಸುವ ಬದಲು ತಟ್ಟೆಯ ಎರಡೂ ಮಗ್ಗುಲಿಗೆ ಹಂಚಿದರು. ಬಿಲ್ಲಿ ಜೋಯೆಲ್‌ ತನ್ನ ಹಾಡಿಗಾದ ಗತಿಗೆ ನೊಂದು 1974ರ ಇನ್ನೊಂದು ಹಾಡಿನಲ್ಲೇ ಈ ಕತ್ತರಿಯನ್ನು ಗೇಲಿ ಮಾಡಿದ. ತಮಾಷೆಯೆಂದರೆ ಡೋರ್ಸ್‌ನವರು ಆ ವಾದ್ಯಭಾಗಕ್ಕೆ ಪ್ರೇರಣೆ ಪಡೆದದ್ದು ಜಾನ್ ಕೋಲ್ಟ್ರೇನ್‌ನ 'ಮೈ ಫೇವರಿಟ್ ಥಿಂಗ್ಸ್' ವಾದನದಿಂದ. ಹದಿಮೂರು ನಿಮಿಷ ಮೀರುವ ಅದನ್ನೂ 1961ರಲ್ಲಿ ತುಂಡು ಮಾಡಿ ಒಂದು ಸಿಂಗಲ್‌ನ ಎರಡು ಮಗ್ಗುಲಿಗೆ ಅಂಟಿಸಿದ್ದರು.

ಹಾಡನ್ನು ಕತ್ತರಿಸುವುದು ಅಪಚಾರವೇ? ಖವ್ವಾಲಿ ಕೇಳಿ ಬೆಳೆದವರಿಗೆ ಈ ಪ್ರಶ್ನೆ ಹೊಸದಲ್ಲ. ಖವ್ವಾಲನು ಮೂಲ ಕಲಾಮಿನ ಒಂದು ಮಿಸ್ರಾದ ಮೇಲೆ ನಿಂತು ಬೇರೆ ಶಾಯರನ ಶೇರ್ ತಂದು ಜೋಡಿಸುತ್ತಾನೆ. ಅದಕ್ಕೆ ಗಿರಹ ಎನ್ನುತ್ತಾರೆ, ಅಂದರೆ ಗಂಟು. ಗಿರಹ ತೆಗೆದರೆ ಹಾಡು ಸಾಯುವುದಿಲ್ಲ, ವ್ಯಾಕರಣಕ್ಕೂ ಕುಂದಿಲ್ಲ. ಆದರೆ ಕೂತು ಕೇಳುತ್ತಿದ್ದವನ ಎದೆಯೊಳಗೆ ಏರುತ್ತಿದ್ದದ್ದು ಅರ್ಧಕ್ಕೇ ಇಳಿಯುತ್ತದೆ. 1960ರ 'ಬರ್ಸಾತ್ ಕೀ ರಾತ್' ಚಿತ್ರಕ್ಕೆ ಸಾಹಿರ್ ಬರೆದು ರೋಷನ್ ಸ್ವರ ಹಾಕಿದ ದೀರ್ಘ ಖವ್ವಾಲಿಯನ್ನು ಮೂರು ನಿಮಿಷಕ್ಕೆ ಇಳಿಸಿದರೆ ಉಳಿಯುವುದು ಪಲ್ಲವಿ ಮಾತ್ರ. 1990ರಲ್ಲಿ ನುಸ್ರತ್ ಫತೇ ಅಲಿ ಖಾನರ 'ಮಸ್ತ್ ಮಸ್ತ್' ಆಲ್ಬಮ್ ಮಾಡಿದ ಕೆನಡಾದ ಮೈಕೆಲ್ ಬ್ರೂಕ್ ಆಮೇಲೆ ಹೇಳಿಕೊಂಡಿದ್ದಾನೆ: ತಾನು ಮಾಡಿದ ಕೆಲವು ಕತ್ತರಿಗಳನ್ನು ಖಾನ್ ಸಾಹೇಬರು ಒಪ್ಪಲಿಲ್ಲ, ಏಕೆಂದರೆ ಒಂದೊಂದು ಕಡೆ ಸಾಲು ನಡುವೆಯೇ ತುಂಡಾಗಿ ಅರ್ಥಗೆಟ್ಟಿತ್ತು, ಬರೀ ಸರಿಗಮ ಇದ್ದ ಕಡೆಯೂ ಅದರ ಬೆಳವಣಿಗೆ ಮುರಿದಿತ್ತು. ಭಾಷೆ ತಿಳಿಯದ ಕೈಗೆ ಬ್ಲೇಡು ಕೊಟ್ಟರೆ ಹೀಗಾಗುತ್ತದೆ. ರಾತ್‌ಚೈಲ್ಡ್‌ನ ಕತ್ತರಿಯನ್ನು ಈ ಸಾಲಿಗೆ ನಾನು ಸೇರಿಸಲಾರೆ. ಅವನಿಗೆ ಆ ಸಂಗೀತ ಗೊತ್ತಿತ್ತು. ಅವನು ಕೊಯ್ದದ್ದು ನಿಜವಾಗಿಯೂ ಒಂದು ಒಳ್ಳೆಯ ಚಿಕ್ಕ ಹಾಡಾಯಿತು.

ಇಲ್ಲಿಂದ ಕತೆ ತಿರುಗುತ್ತದೆ. 1980ರ ದಶಕದಲ್ಲಿ ಸಿ.ಡಿ. ಬಂದಾಗ ಕಂಪನಿಗಳು ಹಳೆಯ ಹಾಡುಗಳನ್ನು ಹಾಕಲು ಕೈಗೆ ಸಿಕ್ಕ ಒಳ್ಳೆಯ ಟೇಪನ್ನೇ ತೆಗೆದವು, ಅದು ಸಾಮಾನ್ಯವಾಗಿ ಆಲ್ಬಮ್ಮಿನ ಟೇಪು. ಸಿಂಗಲ್‌ಗೆಂದು ಕತ್ತರಿಸಿದ ಟೇಪುಗಳು ತಟ್ಟೆ ಅಚ್ಚಾದ ಮೇಲೆ ಕೆಲಸ ಮುಗಿದ ಸಾಮಾನು. ಹಲವು ಕಳೆದೇ ಹೋಗಿದ್ದವು. 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೊ ಆವರಣದಲ್ಲಿ ಬೆಂಕಿ ಬಿದ್ದಾಗ ಮೂಲ ಟೇಪುಗಳೂ ಸುಟ್ಟವು ಎಂಬುದು ದೊಡ್ಡ ಸುದ್ದಿಯಾದದ್ದು 2019ರಲ್ಲಿ. ಎಷ್ಟು ಎಂಬ ಬಗ್ಗೆ ಪತ್ರಿಕೆಗೂ ಕಂಪನಿಗೂ ಜಗಳವಾಯಿತು. ಒಟ್ಟಿನಲ್ಲಿ, ಕೋಟಿಗಟ್ಟಲೆ ಜನ ರೇಡಿಯೊದಲ್ಲಿ ಕೇಳಿ ಬಾಯಿಪಾಠ ಮಾಡಿದ್ದ ಎಷ್ಟೋ ಹಾಡುಗಳ ಆ ರೂಪ ಅಂಗಡಿಯಲ್ಲಿ ಸಿಗದಾಯಿತು. ಸಿಗುತ್ತಿದ್ದದ್ದು ಅವರು ಎಂದೂ ಕೇಳದ ಉದ್ದನೆಯ ರೂಪ.

ಆಗ ಕೆಲವರು ಆ ಕೊಯ್ತವನ್ನು ಮತ್ತೆ ಮಾಡತೊಡಗಿದರು. 2000ದಲ್ಲಿ 'ಆಡಾಸಿಟಿ'ಯಂಥ ಉಚಿತ ತಂತ್ರಾಂಶ ಬಂದ ಮೇಲೆ ಇದಕ್ಕೆ ಸ್ಟುಡಿಯೊ ಬೇಕಾಗಲಿಲ್ಲ. ಸವೆದ 45ರ ತಟ್ಟೆಯನ್ನು ಒಂದು ಕಿವಿಗೆ, ಸಿ.ಡಿ.ಯ ಉದ್ದ ಹಾಡನ್ನು ಇನ್ನೊಂದು ಕಿವಿಗೆ ಹಾಕಿಕೊಂಡು, ಹಳೆಯ ಸಂಪಾದಕನ ಬ್ಲೇಡು ಎಲ್ಲಿ ಬಿದ್ದಿತ್ತು ಎಂದು ಪತ್ತೆ ಹಚ್ಚುವ ಕೆಲಸ ಇದು. ತಾಳದ ತಟ್ಟೊಂದು ಅಕಾರಣವಾಗಿ ಅವಸರಪಟ್ಟರೆ, ತಾಳವಾದ್ಯದ ಮೊಳಗು ಹಠಾತ್ತನೆ ನಿಂತರೆ, ಅಲ್ಲಿ ಅಂಟುಪಟ್ಟಿ ಇತ್ತೆಂದು ತಿಳಿಯಬೇಕು. ಕಂಪನಿಗಳೂ ತಮ್ಮ ಸಂಕಲನಗಳಿಗೆ ಇದೇ ದಾರಿ ಹಿಡಿದದ್ದುಂಟು, ಕೆಲವೊಮ್ಮೆ ಹೇಳಿ, ಕೆಲವೊಮ್ಮೆ ಹೇಳದೆ. ಹೇಳದೆ ಮಾಡಿದ್ದು ನನಗೆ ಸರಿಕಾಣುವುದಿಲ್ಲ. ಹಸ್ತಪ್ರತಿ ಕಳೆದು ನೆನಪಿನಿಂದ ಮತ್ತೆ ಬರೆದ ದಿವಾನ್‌ಗೆ 'ಮೂಲಪ್ರತಿ' ಎಂದು ಹಣೆಪಟ್ಟಿ ಹಚ್ಚಿದರೆ ಯಾವ ಕಾತಿಬನೂ ಒಪ್ಪುವುದಿಲ್ಲ.

ಇಷ್ಟಾದರೂ ಕೊಯ್ದ ಜಾಗ ಗೊತ್ತಾದರೆ ಹಾಡು ಸಿಕ್ಕಿತೆಂದಲ್ಲ. 'ಲೈಟ್ ಮೈ ಫೈರ್'ನ ಸಂಗತಿಯೇ ನೋಡಿ. ಆಲ್ಬಮ್ಮಿನ ಸ್ಟೀರಿಯೊ ರೂಪ ಸುಮಾರು ಶೇ. 3.5ರಷ್ಟು ನಿಧಾನವಾಗಿ ಮುದ್ರಿತವಾಗಿತ್ತು. ಅದರಿಂದ ಶ್ರುತಿಯೂ ಇಳಿದಿತ್ತು. ಸರಿಯಾದ ವೇಗದಲ್ಲಿದ್ದದ್ದು 45ರ ಸಿಂಗಲ್ ಮಾತ್ರ. ಸುಮಾರು ನಲವತ್ತು ವರ್ಷ ಜಗತ್ತು ಆ ಇಳಿದ ಶ್ರುತಿಯನ್ನೇ ಅಸಲಿ ಎಂದು ಕೇಳಿತು. ತಂಡದ ನೇರ ಪ್ರದರ್ಶನಗಳು, ಸ್ವರಲಿಪಿ, ಕಲಾವಿದರ ಮಾತು, ಎಲ್ಲವೂ ಹೆಚ್ಚುಕಡಿಮೆ ಅರ್ಧ ಸ್ವರ ಮೇಲಿದೆ ಎಂದು ಅಮೆರಿಕದ ಪ್ರಾಧ್ಯಾಪಕರೊಬ್ಬರು ಧ್ವನಿತಜ್ಞ ಬ್ರೂಸ್ ಬಾಟ್ನಿಕ್‌ಗೆ ತೋರಿಸಿಕೊಟ್ಟ ಮೇಲೆ, ಆಲ್ಬಮ್ಮಿನ ನಲವತ್ತನೇ ವರ್ಷದ ಆವೃತ್ತಿಯಲ್ಲಿ ಅದು ಸರಿಯಾಯಿತು. ಅದಕ್ಕೂ ಮೊದಲು ಹಳೆಯ ಸ್ಟೀರಿಯೊದಿಂದ ಕತ್ತರಿಸಿ ಸಿಂಗಲ್ ಕಟ್ಟಿದವನಿಗೆ ಪ್ರತಿ ಕೊಯ್ತವೂ ಸರಿಯಿದ್ದು, ಮೂರು ನಿಮಿಷದಲ್ಲಿ ಆರು ಸೆಕೆಂಡು ಹೆಚ್ಚಾಗುತ್ತಿತ್ತು. ಮೇಲಾಗಿ ಆ ಕಾಲದ ಸಿಂಗಲ್‌ಗಳು ಬಹುಪಾಲು ಮೊನೊ. ಎರಡು ಕಿವಿಗೆ ಹಂಚಿದ ಸ್ಟೀರಿಯೊವನ್ನು ಒಂದಾಗಿಸಿದರೆ ಆ ಮೊನೊದ ತೂಕ ಬರುವುದಿಲ್ಲ; ಗಾಯಕನಿಗೂ ವಾದ್ಯಗಳಿಗೂ ನಡುವಿನ ಸಮತೋಲನ ಬದಲಾದಂತೆ ಕೇಳಿಸುತ್ತದೆ.

ಈ ಪಾಶ್ಚಾತ್ಯ ಹಾಡುಗಳ ಮಂದಿಗೆ ಒಂದು ಅದೃಷ್ಟವಿದೆ: ಚಿಕ್ಕದು ಕಳೆದರೂ ಉದ್ದದ್ದು ಉಳಿದಿದೆ. ನಮ್ಮಲ್ಲಿ ತಲೆಕೆಳಗು. 1902ರ ನವೆಂಬರಿನಲ್ಲಿ ಕಲ್ಕತ್ತಾದಲ್ಲಿ ಫ್ರೆಡ್ ಗೈಸ್‌ಬರ್ಗ್‌ನ ಗ್ರಾಮಫೋನ್ ಕೊಳವೆಯ ಮುಂದೆ ನಿಂತು ಗೌಹರ್ ಜಾನ್ ಹಾಡಿದಾಗ ಕತ್ತರಿಸಲು ಟೇಪು ಇರಲಿಲ್ಲ. ಹಾಡುತ್ತಲೇ ಕತ್ತರಿಸಬೇಕಿತ್ತು. ಗಂಟೆಗಟ್ಟಲೆ ಬೆಳೆಸಬಲ್ಲ ರಾಗವನ್ನು ಆಕೆ ಮೂರು ನಿಮಿಷಕ್ಕೆ ಮಡಚಿದರು. ಅದರಲ್ಲೂ ಕೊನೆಯ ಕೆಲವು ಸೆಕೆಂಡುಗಳನ್ನು ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳಲು ಉಳಿಸಿಕೊಳ್ಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದ ಜರ್ಮನಿಯಲ್ಲಿ ಇದು ಯಾರ ಹಾಡೆಂದು ಗುರುತಾಗಲಿ ಎಂದು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರನ್ನು ಮೈಸೂರಿನ ಆಸ್ಥಾನಕ್ಕೆ ಕರೆಸಿಕೊಂಡರು. 1930ರ ಜನವರಿ 17ರಂದು ಅವರು ಮೈಸೂರಿನಲ್ಲೇ ತೀರಿಕೊಂಡರು. ಉಳಿದಿರುವುದು ಮೂರು ಮೂರು ನಿಮಿಷದ ತಟ್ಟೆಗಳು. ಆ ಕಾಲದ ತಟ್ಟೆಗಳೆಲ್ಲ ಸರಿಯಾಗಿ 78ರ ವೇಗದಲ್ಲೇ ಕೆತ್ತಿದವಲ್ಲ. ಆಕೆಯ ದನಿಯನ್ನು ಇಂದು ಕೇಳಿಸುವವರು ಎಷ್ಟು ವೇಗದಲ್ಲಿ ತಿರುಗಿಸಬೇಕೆಂದು ಶ್ರುತಿ ನೋಡಿ ಅಂದಾಜು ಮಾಡಿಕೊಳ್ಳುತ್ತಾರೆ.