ಗಾಜಿನ ಕುಪ್ಪಿ ಮತ್ತು ಅರ್‌ರಾಝಿಯವರ ಪ್ರಶ್ನೆಗಳು

ರೋಗಪರೀಕ್ಷೆಗೆಂದು ಪ್ರಯೋಗಾಲಯಕ್ಕೆ ಹೋದಾಗ ನಮಗೆ ಕೆಲವು ಸೂಚನೆಗಳು ದೊರೆಯುತ್ತವೆ. ಬೆಳಗಿನ ಮೊದಲ ಮೂತ್ರವನ್ನೇ ತರಬೇಕು, ಡಬ್ಬಿ ಸ್ವಚ್ಛವಾಗಿರಬೇಕು, ತಡಮಾಡದೆ ತಲುಪಿಸಬೇಕು. ಇದು ಇತ್ತೀಚಿನ ಆಸ್ಪತ್ರೆಗಳ ಶಿಸ್ತೆಂದೇ ನಾವು ಭಾವಿಸಿರುತ್ತೇವೆ. ಆದರೆ ಸುಮಾರು ಸಾವಿರ ವರ್ಷಗಳ ಹಿಂದೆಯೇ, ಬುಖಾರಾದ ಬಳಿ ಜನಿಸಿದ ಇಬ್ನ್ ಸೀನಾ (980–1037) ತಮ್ಮ 'ಅಲ್ ಕಾನೂನ್ ಫಿತ್ತಿಬ್ಬ್' ಗ್ರಂಥದಲ್ಲಿ ಈ ನಿಯಮಗಳನ್ನು ವಿವರವಾಗಿ ಬರೆದಿಟ್ಟಿದ್ದರು.

ಅವರ ನಿಯಮಗಳನ್ನು ಓದುವಾಗ ನಮ್ಮ ಮನೆಗಳ ಚಿತ್ರವೇ ಕಣ್ಣೆದುರು ಬರುತ್ತದೆ. ರೋಗಿಯು ಆಹಾರ, ಪಾನೀಯ ಸೇವಿಸುವುದಕ್ಕೆ ಮೊದಲೇ ಮೂತ್ರವನ್ನು ಸಂಗ್ರಹಿಸಬೇಕು. ಕೇಸರಿಯಂತಹ ಬಣ್ಣ ಕೊಡುವ ಪದಾರ್ಥವನ್ನು ಅವನು ತಿಂದಿರಬಾರದು. ಕೈಕಾಲಿಗೆ ಮೆಹಂದಿ ಹಚ್ಚಿದ್ದರೆ ಅದನ್ನೂ ಗಮನಿಸಬೇಕು, ಏಕೆಂದರೆ ಅದರಿಂದಲೂ ಮೂತ್ರಕ್ಕೆ ಬಣ್ಣ ಬರಬಹುದೆಂಬುದು ಅವರ ಎಚ್ಚರಿಕೆ. ಉಪವಾಸ, ನಿದ್ದೆಗೇಡು, ದಣಿವು, ಹಸಿವು, ಸಿಟ್ಟು ಇವೆಲ್ಲವೂ ಮೂತ್ರದ ಬಣ್ಣವನ್ನು ಬದಲಿಸುತ್ತವೆ ಎಂದು ಅವರು ಹೇಳುತ್ತಾರೆ. ಮದುವೆ ಮನೆಯಿಂದ ನೇರವಾಗಿ ಬಂದ ರೋಗಿಯನ್ನು ಇಬ್ನ್ ಸೀನಾ ಬಹುಶಃ ಮರುದಿನ ಬಾ ಎಂದು ಕಳುಹಿಸುತ್ತಿದ್ದರು!

ಪಾತ್ರೆಯ ವಿಷಯದಲ್ಲೂ ಅವರದು ಅಷ್ಟೇ ಕಟ್ಟುನಿಟ್ಟು. ಅದು ತಿಳಿಯಾದ ಗಾಜಿನದಾಗಿರಬೇಕು, ಹಿಂದಿನ ಮಾದರಿಯ ನಂತರ ತೊಳೆಯದೆ ಬಳಸಕೂಡದು. ಬಿಸಿಲು, ಗಾಳಿ ತಾಗದಂತೆ ಇಟ್ಟು, ಗಸಿ ಕೆಳಗಿಳಿಯುವವರೆಗೆ ಕಾದು ಬಳಿಕ ನೋಡಬೇಕು. ಹಾಗೆಂದು ಬಹಳ ಹೊತ್ತು ಇಡುವಂತೆಯೂ ಇಲ್ಲ. ಆರು ಗಂಟೆ ಕಳೆದರೆ ಬಣ್ಣವೂ ಗಸಿಯೂ ಬದಲಾಗುತ್ತವೆ ಎಂದು ಹೇಳಿ, ತಮ್ಮ ಅಭಿಪ್ರಾಯದಲ್ಲಿ ಒಂದು ಗಂಟೆಯೂ ಮೀರಬಾರದು ಎಂದು ಅವರು ಸೇರಿಸುತ್ತಾರೆ. ಬಣ್ಣ, ಸಾಂದ್ರತೆ, ತಿಳಿತನ, ಗಸಿ, ಪ್ರಮಾಣ, ವಾಸನೆ, ನೊರೆ ಎಂಬ ಏಳು ಲಕ್ಷಣಗಳನ್ನು ಪರಿಶೀಲಿಸಬೇಕಿತ್ತು. ಹಿಂದಿನ ಕೆಲವರು ಸ್ಪರ್ಶ ಮತ್ತು ರುಚಿಯನ್ನೂ ಇದರಲ್ಲಿ ಸೇರಿಸಿದ್ದರು. ಇಬ್ನ್ ಸೀನಾ ಅಸಹ್ಯದ ಕಾರಣಕ್ಕೆ ಅವೆರಡನ್ನೂ ಕೈಬಿಟ್ಟರು.

ಈ ವಿದ್ಯೆ ಮುಸ್ಲಿಮರಿಂದಲೇ ಆರಂಭವಾಯಿತೆಂದು ಹೇಳಿದರೆ ಅದು ಸತ್ಯಕ್ಕೆ ದೂರವಾಗುತ್ತದೆ. ಅದರ ಬೇರುಗಳು ಗ್ರೀಕ್ ವೈದ್ಯರಲ್ಲಿವೆ. ಅರಬಿಯಲ್ಲಿ ಮೂತ್ರಪರೀಕ್ಷೆಯ ಕುರಿತು ಬಹಳ ಪ್ರಸಿದ್ಧವಾದ ಗ್ರಂಥವೊಂದನ್ನು ಬರೆದವರು ಖೈರವಾನ್ ನಗರದ ಯಹೂದಿ ವೈದ್ಯ ಇಸ್‌ಹಾಕ್ ಇಬ್ನ್ ಸುಲೈಮಾನ್. ಮುಸ್ಲಿಮ್ ನಗರಗಳು ಇದಕ್ಕೆ ಒದಗಿಸಿದ ಬಹುದೊಡ್ಡ ಕೊಡುಗೆಯೆಂದರೆ ಕಲಿಯುವ ಸ್ಥಳ, ಅಂದರೆ ಬೀಮಾರಿಸ್ತಾನ್ ಎಂಬ ಆಸ್ಪತ್ರೆ. ವಿದ್ಯಾರ್ಥಿಯು ಸದಾ ಆಸ್ಪತ್ರೆಯಲ್ಲಿದ್ದು, ಗುರುಗಳ ಜೊತೆ ರೋಗಿಗಳನ್ನು ನೋಡಿ, ಅವರ ಸ್ಥಿತಿಗತಿಗಳನ್ನು ವಿಚಾರಿಸಿ, ತಾನು ಓದಿದ್ದರೊಂದಿಗೆ ಹೋಲಿಸಬೇಕೆಂದು ಹತ್ತನೆಯ ಶತಮಾನದ ಅಲಿ ಇಬ್ನ್ ಅಬ್ಬಾಸ್ ಅಲ್ ಮಜೂಸಿ ಬರೆದಿದ್ದಾರೆ.

ರೈ ಮತ್ತು ಬಗ್ದಾದ್‌ನ ಆಸ್ಪತ್ರೆಗಳ ಮುಖ್ಯಸ್ಥರಾಗಿದ್ದ ಅಬೂಬಕರ್ ಅರ್‌ರಾಝಿಯವರ ಬೋಧನಾ ಕ್ರಮವನ್ನು ಇಬ್ನ್ ನದೀಮ್ ದಾಖಲಿಸಿದ್ದಾರೆ. ಅರ್‌ರಾಝಿಯವರ ಮುಂದೆ ಅವರ ಶಿಷ್ಯರು, ಆ ಶಿಷ್ಯರ ಮುಂದೆ ಅವರವರ ಶಿಷ್ಯರು, ಅವರಾಚೆ ಇನ್ನಷ್ಟು ಕಲಿಯುವವರು ಕುಳಿತಿರುತ್ತಿದ್ದರು. ಬಂದ ರೋಗಿಯು ಮೊದಲು ಎದುರಾದವರ ಬಳಿ ತನ್ನ ಕಷ್ಟ ಹೇಳುತ್ತಿದ್ದ. ಅವರಿಗೆ ತಿಳಿಯದಿದ್ದರೆ ಒಳಗಿನ ಸಾಲಿಗೆ ಹೋಗುತ್ತಿದ್ದ. ಯಾರಿಗೂ ತಿಳಿಯದಿದ್ದಾಗ ಗುರುಗಳು ಮಾತನಾಡುತ್ತಿದ್ದರು. 'ತಿಳಿಯದು' ಎಂದು ಹೇಳುವುದನ್ನೂ ಅಲ್ಲಿ ಕಲಿಯಬೇಕಾಗುತ್ತಿತ್ತು.

ಅದು ಸುಲಭದ ಪಾಠವಾಗಿರಲಿಲ್ಲ. ಏಕೆಂದರೆ ಜನರು ವೈದ್ಯನಿಂದ ಬಯಸುತ್ತಿದ್ದುದು ಪವಾಡವನ್ನು. ಮನೆಯವರು ಕುಪ್ಪಿಯೊಂದನ್ನು ತಂದು ಮುಂದಿಡುವರು. ವೈದ್ಯನು ಅದನ್ನು ಬೆಳಕಿಗೆ ಹಿಡಿದು ಎಲ್ಲವನ್ನೂ ಹೇಳಿಬಿಡಬೇಕು. ವೈದ್ಯನನ್ನು ಪರೀಕ್ಷಿಸಲು ಮೂತ್ರದ ಬದಲು ಬೇರೆ ದ್ರವವನ್ನು ತರುವವರೂ ಇದ್ದರು. ಕುಪ್ಪಿಯನ್ನು ಕಣ್ಣಿನ ಹತ್ತಿರ ತಂದಾಗ ಮೂತ್ರ ದಪ್ಪನಾಗಿ, ದೂರ ಹಿಡಿದಾಗ ತಿಳಿಯಾಗಿ ಕಾಣುತ್ತದೆ, ಇದರಿಂದ ಮೋಸವನ್ನು ಗುರುತಿಸಬಹುದು ಎಂದು ಇಬ್ನ್ ಸೀನಾ ಉಪಾಯ ಹೇಳಿಕೊಡುತ್ತಾರೆ.

ಅರ್‌ರಾಝಿಯವರು ತಮ್ಮದೇ ಅನುಭವವನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ವೃತ್ತಿಯ ಆರಂಭದಲ್ಲಿ ಅವರು ಮೂತ್ರವನ್ನು ನೋಡಿದ ಮೇಲೆ ಯಾವ ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ಜನರು ಅವರನ್ನು ಬಹಳ ಗೌರವಿಸಿದರು. ಬಳಿಕ ಅವರು ರೋಗಿಗಳನ್ನು ವಿವರವಾಗಿ ವಿಚಾರಿಸತೊಡಗಿದಾಗ ಅವರ ಹೆಸರು ಕುಗ್ಗಿತು. ಕುಪ್ಪಿ ನೋಡಿಯೇ ಎಲ್ಲ ಹೇಳುವಿರಿ ಎಂದುಕೊಂಡಿದ್ದೆವು, ಈಗ ನೋಡಿದರೆ ನೀವೇ ನಮ್ಮನ್ನು ಕೇಳುತ್ತಿದ್ದೀರಿ ಎಂದು ಜನರು ಮುಖದ ಮೇಲೆಯೇ ಹೇಳಿದರು. ಅಂತಹ ಜ್ಞಾನ ವೈದ್ಯಶಾಸ್ತ್ರದ ವ್ಯಾಪ್ತಿಯಲ್ಲಿಲ್ಲ ಎಂದು ಅವರು ತಿಳಿಹೇಳಲು ಯತ್ನಿಸಿದರು. ಸಿಡುಬು ಮತ್ತು ದಡಾರವನ್ನು ಲಕ್ಷಣಗಳಿಂದ ಬೇರ್ಪಡಿಸಿ ಗ್ರಂಥ ರಚಿಸಿದ ಅವರ ಸಾಧನೆಯನ್ನು ನಾವು ಆಗಾಗ ಕೊಂಡಾಡುತ್ತೇವೆ. ನಮ್ಮ ದೃಷ್ಟಿಯಲ್ಲಿ, ಕುಗ್ಗಿದ ಹೆಸರಿನ ಈ ವೃತ್ತಾಂತ ಅದಕ್ಕಿಂತ ಕಡಿಮೆಯದಲ್ಲ.

ಯುರೋಪಿನಲ್ಲಿಯೂ ಕುಪ್ಪಿಯ ಮೋಹ ಬಹುಕಾಲ ಉಳಿಯಿತು. ಕುಪ್ಪಿ ನೋಡಿ ಭವಿಷ್ಯ ನುಡಿಯುವವರನ್ನು ಟೀಕಿಸಿ ಇಂಗ್ಲೆಂಡಿನ ಥಾಮಸ್ ಬ್ರಯಾನ್ ಗ್ರಂಥ ಪ್ರಕಟಿಸಿದ್ದು 1637ರಲ್ಲಿ, ಅಂದರೆ ಅರ್‌ರಾಝಿಯವರು ತೀರಿಕೊಂಡು ಸುಮಾರು ಏಳುನೂರು ವರ್ಷಗಳಾದ ಮೇಲೆ. ಮುಂದೆ ಸೂಕ್ಷ್ಮದರ್ಶಕ ಮತ್ತು ರಸಾಯನಶಾಸ್ತ್ರ ಬಂದು, ಕಣ್ಣಿಗೆ ಕಾಣದಿದ್ದ ಜೀವಕೋಶ, ಸಕ್ಕರೆ, ಪ್ರೋಟೀನ್‌ಗಳನ್ನು ತೋರಿಸಿದವು. ಬಣ್ಣದಿಂದ ದೇಹದ ರಸಗಳನ್ನು ಅಳೆಯುವ ಹಳೆಯ ಸಿದ್ಧಾಂತ ಪ್ರಯೋಗಾಲಯದಿಂದ ಹೊರಬಿತ್ತು. ಬೆಳಗಿನ ಮಾದರಿ, ಸ್ವಚ್ಛ ಪಾತ್ರೆ ಮತ್ತು ಸಮಯದ ಮಿತಿ ಮಾತ್ರ ಅಲ್ಲೇ ಉಳಿದವು. ಇಂದು ನಮ್ಮ ಮಕ್ಕಳು ಪ್ರಯೋಗಾಲಯ ತಂತ್ರಜ್ಞಾನ ಕಲಿಯಲು ಸೇರಿದಾಗ, ಮಾದರಿಯ ಡಬ್ಬಿ ಮುಟ್ಟುವ ಮೊದಲು ರೋಗಿಯನ್ನು ಕೇಳಿ ತಿಳಿಯಲು ಕಲಿಯುತ್ತಾರೆ: ಏನು ತಿಂದಿರಿ, ಯಾವ ಔಷಧಿ ಸೇವಿಸುತ್ತಿದ್ದೀರಿ, ಉಪವಾಸವಿದ್ದೀರಾ?