ಮನಸ್ಸಿನ ನೋವಿಗೆ ಪ್ರಶ್ನೆಗಳ ಅಳತೆಗೋಲು

ಜ್ವರವನ್ನು ಅಳೆಯಲು ಉಷ್ಣಮಾಪಕವಿದೆ. ರಕ್ತದೊತ್ತಡವನ್ನು ಅಳೆಯಲೂ ಉಪಕರಣವಿದೆ. ಖಿನ್ನತೆಯನ್ನು ಅಳೆಯುವುದು ಹೇಗೆ? ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಕಡೆಯ ಹಳ್ಳಿಯೊಂದರಿಂದ ಮಹಿಳೆಯೊಬ್ಬರು ವೈದ್ಯರ ಬಳಿಗೆ ಬಂದರೆಂದು ಊಹಿಸಿಕೊಳ್ಳೋಣ. "ತಲೆನೋವು, ರಾತ್ರಿ ನಿದ್ದೆ ಬರಲ್ಲ, ಕೈಕಾಲಲ್ಲಿ ಶಕ್ತಿ ಇಲ್ಲ" ಎಂದು ಅವರು ಹೇಳುತ್ತಾರೆ. ತಲೆನೋವಿಗೆ ಮಾತ್ರೆ ದೊರೆಯುತ್ತದೆ. ಅದರ ಹಿಂದೆ ಖಿನ್ನತೆ ಇದ್ದರೆ ಅದು ಯಾರ ಗಮನಕ್ಕೂ ಬಾರದೆ ಉಳಿಯುತ್ತದೆ. ಖಿನ್ನತೆಯನ್ನು ಖಚಿತಪಡಿಸುವ ರಕ್ತಪರೀಕ್ಷೆ ಇಂದಿಗೂ ಇಲ್ಲ. ಕೇಳಿ ತಿಳಿಯಬೇಕು. ಹೀಗೆ ಎಲ್ಲರನ್ನೂ ಒಂದೇ ಕ್ರಮದಲ್ಲಿ ಕೇಳಿ, ಉತ್ತರಗಳಿಗೆ ಅಂಕ ಕೊಡುವ ಸಾಧನವೇ ಸ್ವ-ವರದಿ ಪ್ರಶ್ನಾವಳಿ.

ಸೈನ್ಯದಿಂದ ಆಸ್ಪತ್ರೆಗೆ

ಇದರ ಬೇರು ಮೊದಲನೆಯ ಮಹಾಯುದ್ಧದಲ್ಲಿದೆ. ಫಿರಂಗಿಗಳ ಸದ್ದಿನ ನಡುವೆ ಅನೇಕ ಸೈನಿಕರು ಮಾನಸಿಕವಾಗಿ ಕುಸಿಯುತ್ತಿದ್ದರು. ಅಂಥ ಅಪಾಯವಿರುವವರನ್ನು ಮೊದಲೇ ಗುರುತಿಸಲು ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ವುಡ್‌ವರ್ತ್ 'ಹೌದು' ಅಥವಾ 'ಇಲ್ಲ' ಎಂದು ಉತ್ತರಿಸಬೇಕಾದ 116 ಪ್ರಶ್ನೆಗಳ ಪಟ್ಟಿಯನ್ನು ಸಿದ್ಧಪಡಿಸಿದರು. ಅದು ಬಳಕೆಗೆ ಬರುವ ಹೊತ್ತಿಗೆ ಯುದ್ಧವೇ ಮುಗಿದಿತ್ತು. ಆದರೆ ಆ ವಿಧಾನ ಉಳಿಯಿತು.

1960ರಲ್ಲಿ ಮ್ಯಾಕ್ಸ್ ಹ್ಯಾಮಿಲ್ಟನ್ ಖಿನ್ನತೆಯ ಮಾಪಕವೊಂದನ್ನು ಪ್ರಕಟಿಸಿದರು. ಅದರಲ್ಲಿ ಅಂಕ ಕೊಡುವವರು ವೈದ್ಯರು. ಮರುವರ್ಷ ಬಂದ ಆರನ್ ಬೆಕ್ ಅವರ 21 ಅಂಶಗಳ ಪಟ್ಟಿಯಲ್ಲಿ ರೋಗಿಯೇ ತನಗೆ ಹೊಂದುವ ಹೇಳಿಕೆಯನ್ನು ಆರಿಸಿಕೊಳ್ಳಬೇಕಿತ್ತು. 1972ರಲ್ಲಿ ಡೇವಿಡ್ ಗೋಲ್ಡ್‌ಬರ್ಗ್ ಅವರ ಸಾಮಾನ್ಯ ಆರೋಗ್ಯ ಪ್ರಶ್ನಾವಳಿ ಬಂದಿತು. ಇವೆಲ್ಲ ಓದುಬರಹ ಬಲ್ಲ ಸಮಾಜಗಳಲ್ಲಿ ಹುಟ್ಟಿದವು. ಓದಲು ಬಾರದವರ ಊರಿನಲ್ಲಿ ಏನು ಮಾಡಬೇಕು?

ಕೋಟ ಮತ್ತು ಸಕಲವಾರ

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಒಂದು ಪ್ರಯತ್ನ ಕರ್ನಾಟಕದಲ್ಲೇ ನಡೆಯಿತು. ಶಿವರಾಮ ಕಾರಂತರ ಹುಟ್ಟೂರಾದ ಕರಾವಳಿಯ ಕೋಟದಲ್ಲಿ ಮನೋವೈದ್ಯರಾದ ಆರ್. ಎಲ್. ಕಪೂರ್ ಮತ್ತು ಮಾರಿಸ್ ಕಾರ್‌ಸ್ಟೇರ್ಸ್ ಬ್ರಾಹ್ಮಣ, ಬಂಟ ಮತ್ತು ಮೊಗವೀರ ಸಮುದಾಯಗಳ ಮಾನಸಿಕ ಆರೋಗ್ಯವನ್ನು ಅಧ್ಯಯನ ಮಾಡಿದರು. ಅವರ ಗ್ರಂಥ ಪ್ರಕಟವಾದದ್ದು 1976ರಲ್ಲಿ. ವಿದೇಶಿ ಪಟ್ಟಿಯನ್ನು ಹಾಗೆಯೇ ಅನುವಾದಿಸುವ ಬದಲು, ಮಾಲವಿಕಾ ಕಪೂರ್ ಅವರೊಡನೆ ಸೇರಿ ಭಾರತೀಯ ಪರಿಸರಕ್ಕೆ ಹೊಂದುವ ಸಂದರ್ಶನ ಪಟ್ಟಿಗಳನ್ನು ಅವರು ರೂಪಿಸಿದ್ದರು. ಜನರು ವೈದ್ಯರ ಬಳಿಗೆ ಮಾತ್ರವಲ್ಲ, ಮಂತ್ರವಾದಿಗಳ ಮತ್ತು ಪಾತ್ರಿಗಳ ಬಳಿಗೂ ಹೋಗುವುದನ್ನು ಅವರು ದಾಖಲಿಸಿದರು.

1975ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಮುದಾಯ ಮನೋವೈದ್ಯ ಘಟಕ ಆರಂಭವಾಯಿತು. ನಗರದ ಹೊರಗಿನ ಸಕಲವಾರ ಅದರ ಗ್ರಾಮೀಣ ಕೇಂದ್ರವಾಯಿತು. ಕಪೂರ್ ಮತ್ತು ಮೋಹನ್ ಐಸಾಕ್ ತೀವ್ರ ಮನೋರೋಗ ಹಾಗೂ ಅಪಸ್ಮಾರವನ್ನು ಕಡಿಮೆ ವೆಚ್ಚದಲ್ಲಿ ಪತ್ತೆಹಚ್ಚುವ ವಿಧಾನವನ್ನು 1978ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವಿವರಿಸಿದರು. ಇಲ್ಲಿ ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ಫಿಟ್ಸ್ ಬರುವುದನ್ನು ಅಥವಾ ಒಬ್ಬರು ತಮ್ಮಷ್ಟಕ್ಕೆ ತಾವೇ ಮಾತನಾಡುತ್ತ ಅಲೆಯುವುದನ್ನು ನೆರೆಹೊರೆಯವರೂ ಹೇಳಬಲ್ಲರು. ಮನೆಗೆಲಸವನ್ನೆಲ್ಲ ಮಾಡುತ್ತಲೇ ಒಳಗೊಳಗೆ ಕುಗ್ಗುತ್ತಿರುವವರ ಸ್ಥಿತಿ ಹಾಗಲ್ಲ. ಅದನ್ನು ಅವರೇ ಹೇಳಬೇಕು. ಸ್ವ-ವರದಿ ಪ್ರಶ್ನಾವಳಿಯ ಅಗತ್ಯ ಇರುವುದು ಇಲ್ಲಿ.

ಇಪ್ಪತ್ತು ಪ್ರಶ್ನೆಗಳು

ವಿಶ್ವ ಆರೋಗ್ಯ ಸಂಸ್ಥೆ 1970ರ ದಶಕದಲ್ಲಿ ಭಾರತ ಸೇರಿದಂತೆ ಹಲವು ದೇಶಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅಧ್ಯಯನ ನಡೆಸಿತು. ಭಾರತದಲ್ಲಿ ಅದು ನಡೆದದ್ದು ಹರಿಯಾಣದ ರಾಯ್‌ಪುರ್ ರಾಣಿಯಲ್ಲಿ. ಅದಕ್ಕಾಗಿ ರೂಪುಗೊಂಡ ಪಟ್ಟಿಯ 20 ಪ್ರಶ್ನೆಗಳ ರೂಪ ಎಲ್ಲೆಡೆ ಬಳಕೆಗೆ ಬಂದಿತು. ಅದರ ಮೊದಲ ಪ್ರಶ್ನೆಯೇ ತಲೆನೋವು! ಹಸಿವು, ನಿದ್ದೆ, ಕೈನಡುಕ, ಆಯಾಸ, ಅಳು, ನಿರಾಸಕ್ತಿ, ಸಾವಿನ ಯೋಚನೆಗಳ ಬಗ್ಗೆಯೂ ಕೇಳಲಾಗುತ್ತದೆ. ಓದಲು ಬಾರದವರಿಗೆ ಕಾರ್ಯಕರ್ತರು ಓದಿ ಹೇಳಬಹುದು. ನಮ್ಮ ತಾಳ್ಯದ ಮಹಿಳೆಯ ದೂರು ಈ ಪಟ್ಟಿಯಲ್ಲಿ ಸಹಜವಾಗಿಯೇ ಸೇರುತ್ತದೆ.

1985ರಿಂದ ಚಿತ್ರದುರ್ಗದ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಹಾಗೂ ಕಾರ್ಯಕರ್ತರಿಗೆ ತರಬೇತಿ ನೀಡಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ಪತ್ತೆಯಾದವರಿಗೆ ಹತ್ತಿರದಲ್ಲೇ ಚಿಕಿತ್ಸೆ ಇರಬೇಕು ಎಂಬುದು ಅದರ ತಿರುಳು.

ಅಂಕದ ಅರ್ಥ

2001ರಲ್ಲಿ ಪ್ರಕಟವಾದ ಪಿಎಚ್‌ಕ್ಯು-9 ಪಟ್ಟಿಯಲ್ಲಿ ಒಂಬತ್ತೇ ಪ್ರಶ್ನೆಗಳಿವೆ. ಕಳೆದ ಎರಡು ವಾರಗಳಲ್ಲಿ ತೊಂದರೆ ಎಷ್ಟು ದಿನ ಇತ್ತು ಎಂಬುದಕ್ಕೆ 0ಯಿಂದ 3ರವರೆಗೆ ಅಂಕ. ಒಟ್ಟು ಗರಿಷ್ಠ 27. ಸಾಮಾನ್ಯವಾಗಿ 10 ಅಥವಾ ಹೆಚ್ಚು ಬಂದರೆ ಮುಂದಿನ ಪರೀಕ್ಷೆ ಅಗತ್ಯ. ಚಿಕಿತ್ಸೆಯ ನಡುವೆ ಇದನ್ನೇ ಮತ್ತೆ ಮತ್ತೆ ಕೇಳಿದರೆ ಸುಧಾರಣೆಯ ಜಾಡು ಸಿಗುತ್ತದೆ. 18 ಇದ್ದದ್ದು 9ಕ್ಕೆ ಇಳಿದರೆ ಭರವಸೆ. ಇಳಿಯದಿದ್ದರೆ ಚಿಕಿತ್ಸೆಯನ್ನು ಮರುಪರಿಶೀಲಿಸಬೇಕು.

ಆದರೆ ಅಂಕ ರೋಗನಿರ್ಣಯವಲ್ಲ. ಒಂದು ಲೆಕ್ಕ ಮಾಡೋಣ. 1000 ಜನರಲ್ಲಿ 50 ಜನರಿಗೆ ಖಿನ್ನತೆ ಇದೆ ಎಂದುಕೊಳ್ಳಿ. ಪ್ರಶ್ನಾವಳಿ ಖಿನ್ನತೆ ಇರುವವರಲ್ಲಿ ಶೇಕಡ 80ರಷ್ಟು ಜನರನ್ನು ಗುರುತಿಸುತ್ತದೆ, ಇಲ್ಲದವರಲ್ಲಿ ಶೇಕಡ 90ರಷ್ಟು ಜನರನ್ನು ಸರಿಯಾಗಿ ಬಿಟ್ಟುಬಿಡುತ್ತದೆ ಎನ್ನೋಣ. ಆಗ ಖಿನ್ನತೆ ಇರುವ 40 ಜನರ ಜೊತೆಗೆ, ಇಲ್ಲದ 95 ಜನರೂ ಪಟ್ಟಿಗೆ ಸೇರುತ್ತಾರೆ. ಅಂದರೆ 135ರಲ್ಲಿ 40 ಮಾತ್ರ ನಿಜ. ಇನ್ನೂ 10 ಜನರು ತಪ್ಪಿಯೇ ಹೋಗುತ್ತಾರೆ. ಆದ್ದರಿಂದ ಅಂಕ ನೋಡಿ 'ಖಿನ್ನತೆ' ಎಂಬ ಹಣೆಪಟ್ಟಿ ಹಚ್ಚುವುದೂ ತಪ್ಪು, ಅಂಕ ಕಡಿಮೆಯೆಂದು ಕಷ್ಟ ಹೇಳುವವರನ್ನು ಕಳುಹಿಸಿಬಿಡುವುದೂ ತಪ್ಪು.

ಭಾಷೆಯ ತೊಡಕೂ ಇದೆ. ಕನ್ನಡದಲ್ಲಿ 'ಬೇಜಾರು' ಎಂದರೆ ದುಃಖವೂ ಹೌದು, ಹೊತ್ತು ಹೋಗದಿರುವುದೂ ಹೌದು, ಇನ್ನೊಬ್ಬರ ಮೇಲಿನ ಅಸಮಾಧಾನವೂ ಹೌದು. ಆ ಒಂದೇ ಪದವನ್ನು ಪ್ರಶ್ನೆಯಲ್ಲಿ ಬಳಸಿದರೆ ಅಂಕ ಯಾವುದನ್ನು ಅಳೆಯಿತು? ಯಾರು, ಎಲ್ಲಿ ಕೇಳುತ್ತಾರೆ ಎಂಬುದೂ ಮುಖ್ಯ. ಅತ್ತೆಯ ಎದುರು ಕೇಳಿದಾಗ ಬರುವ ಉತ್ತರ, ಒಬ್ಬರೇ ಇದ್ದಾಗ ಬರುವ ಉತ್ತರ ಒಂದೇ ಆಗಿರಬೇಕೆಂದಿಲ್ಲ.

ಪಿಎಚ್‌ಕ್ಯು-9ರ ಕೊನೆಯ ಪ್ರಶ್ನೆ ಸಾವಿನ ಯೋಚನೆಯನ್ನು ಕುರಿತದ್ದು. ಅದಕ್ಕೆ 'ಹೌದು' ಎನ್ನುವ ಉತ್ತರ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ಅವರೊಡನೆ ಅಂದೇ ಕುಳಿತು ಮಾತನಾಡಬೇಕು, ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಶಾಲೆಯ ಸೂಚನಾ ಫಲಕದಲ್ಲಿ ಶಿಕ್ಷಕರು ಅದನ್ನು ಬರೆದಿಡಬಹುದು. ಕೇಳುವ ಮುನ್ನ, ಉತ್ತರ ಬಂದರೆ ಏನು ಮಾಡುತ್ತೇವೆ ಎಂಬುದು ನಮಗೆ ತಿಳಿದಿರಬೇಕು.